ಕನ್ನಡಕದೊಳಗಿನ ಬಿಳಿ ಬಳೆಗಳು

"ನನ್ನ ದೀಪ ಕಳುವಾಗಿದೆ ಆಂಟಿ. ಕದ್ದಿದ್ದು ಯಾರು ಅಂತಾನೂ ಗೊತ್ತು."

ಬೆಳಿಗ್ಗೆ ಹತ್ತು ಗಂಟೆಗೆ ಕೆಳಗಿನ ಮನೆಯ ಹುಡುಗಿ ನಮ್ಮ ಬಾಗಿಲಲ್ಲಿ ನಿಂತು ಹೀಗೆಂದಾಗ ಅತ್ತಿಗೆ ಕಾಫಿ ಲೋಟ ಕೆಳಗಿಟ್ಟರು. ಮೂವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದ ನಮ್ಮತ್ತಿಗೆಯೇ ಈ ಕಟ್ಟಡದ ಪತ್ತೇದಾರರು. ಮೈದುನನಾದ ನಾನು ಬಾಲದಂತೆ ಹಿಂದೆ ಹೋಗುವವನು, ಪ್ರತಿಸಲವೂ ತಪ್ಪು ಮನುಷ್ಯನನ್ನೇ ಅನುಮಾನಿಸುವವನು.

ಸೇತುವೆಗಳ ನಕ್ಷೆ ಬರೆಯುವ ಕೆಲಸಕ್ಕೆ ಹನ್ನೊಂದಕ್ಕೆ ಅವಳ ವಿಡಿಯೋ ಸಂದರ್ಶನವಿತ್ತು. ಹಿಂದಿನ ಸಲ ಕಿಟಕಿಗೆ ಬೆನ್ನು ಹಾಕಿ ಕೂತು ಮುಖವೆಲ್ಲ ಮಸಿಯಂತೆ ಕಂಡಿದ್ದರಿಂದ ಕಂಪನಿಯವರು ಇನ್ನೊಂದೇ ಅವಕಾಶ ಕೊಟ್ಟಿದ್ದರು. ಅದಕ್ಕೆಂದೇ ಕೊಂಡುತಂದ ಬಳೆಯಾಕಾರದ ದೀಪ ಈಗ ಮಾಯ. ಕೆಲಸ ದೂರದ ಊರಿನದು, ಗಡಿಯಾರ ರಿಪೇರಿ ಮಾಡುವ ಅಪ್ಪನಿಗೆ ಸುತರಾಂ ಇಷ್ಟವಿಲ್ಲ. ಹದಿನೈದು ದಿನಗಳಿಂದ ಇಬ್ಬರಿಗೂ ಮಾತಿಲ್ಲ.

"ನಿನ್ನ ಯಜಮಾನರದ್ದೇ ಕೆಲಸ," ಎಂದು, ನಾವು ಅವರ ಮನೆಗೆ ಇಳಿದು ಹೋದಾಗ, ಅವಳು ಅಮ್ಮನ ಮೇಲೆ ಸಿಡುಕಿದಳು. ಅಪ್ಪ ಎನ್ನುವ ಮಾತನ್ನೇ ಬಿಟ್ಟಿದ್ದಳು. ಅವರು ಬೆಳಿಗ್ಗೆಯೇ ಅಂಗಡಿಗೆ ಹೋಗಿದ್ದರು, ಫೋನ್ ಎತ್ತುತ್ತಿರಲಿಲ್ಲ. ನನಗಂತೂ ಅನುಮಾನವೇ ಉಳಿಯಲಿಲ್ಲ.

ಅತ್ತಿಗೆ ಕೋಣೆಯನ್ನೆಲ್ಲ ನೋಡಿದರು. ಮೇಜಿನ ಕೆಳಗೆ ಗುಂಡಗೆ ಕತ್ತರಿಸಿ ಉಳಿದ ಬಟರ್ ಪೇಪರ್ ಬಿದ್ದಿತ್ತು. ಎಡಗಡೆಯ ಪುಸ್ತಕದ ಕಪಾಟಿನ ಮೇಲಂಚಿನಲ್ಲಿ ಪೆನ್ಸಿಲಿನ ಸಣ್ಣ ಗುರುತಿತ್ತು. ಹುಡುಗಿ ನಿನ್ನೆ ಅಭ್ಯಾಸಕ್ಕೆಂದು ತೆಗೆದ ವಿಡಿಯೋವನ್ನು ಅಮ್ಮನ ಫೋನಿನಲ್ಲಿ ಹಾಕಿಸಿ ನೋಡಿದರು. ಯಜಮಾನರು ಅದನ್ನು ನಾಲ್ಕು ಸಲ ನೋಡಿದರೆಂದು ಅಮ್ಮ ಹೇಳಿದರು. ಅತ್ತಿಗೆ ನಕ್ಕು, ಮೇಜನ್ನು ಕಿಟಕಿಯ ಕಡೆಗೆ ತಿರುಗಿಸುವಂತೆ ನನಗೆ ಹೇಳಿ, ಎಲ್ಲರನ್ನೂ ಕೂರಿಸಿದರು.

"ಕಳ್ಳ ಇನ್ನು ಕಾಲು ಗಂಟೆಯಲ್ಲಿ ತಾನೇ ಬರ್ತಾನೆ," ಎಂದರು. "ಕೆಲಸ ಕೆಡಿಸೋನು ಕಪಾಟಿಗೆ ಗುರುತು ಯಾಕೆ ಹಾಕ್ತಾನೆ? ವಿಡಿಯೋ ನೋಡಮ್ಮ. ನಿನ್ನ ಕನ್ನಡಕದಲ್ಲಿ ಎರಡು ಬಿಳಿ ಬಳೆ, ಕಣ್ಣೇ ಇಲ್ಲ."

ಹುಡುಗಿ ಫೋನನ್ನು ಹತ್ತಿರ ಹಿಡಿದು ನೋಡಿದಳು. ದೀಪ ಎದುರಿಗೇ ಇದ್ದರೆ ಗಾಜಿನಲ್ಲಿ ಹೊಳೆಯುತ್ತದೆ, ಮೇಲಕ್ಕೆತ್ತಿ ಪಕ್ಕಕ್ಕೆ ಸರಿಸಿದರೆ ಹೊಳಪು ಕಣ್ಣಿನ ಮೇಲಿಂದ ಜಾರುತ್ತದೆ, ಮುಂದೆ ಬಟರ್ ಪೇಪರ್ ಕಟ್ಟಿದರೆ ಬೆಳಕು ಮೃದುವಾಗುತ್ತದೆ ಎಂದು ಅತ್ತಿಗೆ ಬಿಡಿಸಿ ಹೇಳಿದರು. ಇದು ಫೋಟೋದವರಿಗೆ ಗೊತ್ತು, ದಿನವಿಡೀ ವಾಚಿನ ಗಾಜು ನೋಡುವವರಿಗೂ ಗೊತ್ತು. ಕಪಾಟಿಗೆ ಕಚ್ಚಿಸಲು ದೀಪಕ್ಕೆ ಕ್ಲಿಪ್ ಬೇಕು, ಅದನ್ನು ಕೂರಿಸುವ ಉಪಕರಣಗಳಿರುವುದು ಅಂಗಡಿಯಲ್ಲಿ. ರಿಪೇರಿ ಮುಗಿಯುವವರೆಗೆ ಬಾಯಿ ಬಿಡದಿರುವುದು ಆ ಮನುಷ್ಯನ ಹಳೆಯ ಅಭ್ಯಾಸ.

ಹತ್ತೂ ಮುಕ್ಕಾಲಿಗೆ ಹುಡುಗಿಯ ಅಪ್ಪ ಏದುಸಿರು ಬಿಡುತ್ತ ಬಂದು, ಯಾರ ಮುಖವನ್ನೂ ನೋಡದೆ ದೀಪವನ್ನು ಗುರುತಿನ ಜಾಗಕ್ಕೆ ಕಚ್ಚಿಸಿದರು.

"ನೀನು ಹೋಗೋದು ನನಗಿಷ್ಟ ಇಲ್ಲ, ನಿಜ," ಎಂದರು. "ಹಾಗಂತ ನೀನು ಸೋತು ಬರ್ಲಿ ಅಂತೀನಾ?"

ಮಗಳು ತಲೆ ತಗ್ಗಿಸಿ ಮೇಜಿನ ಮುಂದೆ ಕೂತಳು. ಹನ್ನೊಂದಾಗುತ್ತ ಬಂದಿತ್ತು. ನಾವೆಲ್ಲ ಹೊರಗೆ ಬಂದು ನಾಚಿಕೆ ಬಿಟ್ಟು ಬಾಗಿಲಿಗೆ ಕಿವಿಗೊಟ್ಟೆವು. ಈ ಸಲ ಚೆನ್ನಾಗಿ ಕಾಣುತ್ತಿದ್ದೀರಿ, ಬೆಳಕಿನ ವ್ಯವಸ್ಥೆ ಯಾರದು ಎಂದು ಆ ಕಡೆಯ ದನಿ ಕೇಳಿತು.

"ನಮ್ಮಪ್ಪಂದು," ಎಂದಳು ಹುಡುಗಿ.

ಗಡಿಯಾರದವರು ಕನ್ನಡಕ ತೆಗೆದು ಒರೆಸತೊಡಗಿದರು. ಅದರ ಮೇಲೆ ಧೂಳೇನೂ ಇರಲಿಲ್ಲ.