ಪುಟ್ಟಮಲ್ಲಪ್ಪನ ಉಯಿಲಿನ ಕೊನೆಯ ಹಾಳೆ

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಶಿವಕುಮಾರಸ್ವಾಮಿ ಕೊಳ್ಳೇಗಾಲದ ಠಾಣೆಗೆ ದೂರು ತಂದಾಗ, ರಾತ್ರಿಯಿಡೀ ಬಂದೋಬಸ್ತಿನಲ್ಲಿ ನಿಂತಿದ್ದ ಪಿಎಸ್‌ಐ ಆಶಾರಾಣಿಗೆ ಕಣ್ಣು ಬಿಡುವುದೇ ಕಷ್ಟವಾಗಿತ್ತು. ಅವನ ಅಜ್ಜ ಪುಟ್ಟಮಲ್ಲಪ್ಪ 1968ರಲ್ಲಿ ಬರೆದಿಟ್ಟ ಉಯಿಲಿನ ಕೊನೆಯ ಹಾಳೆ ಕಳುವಾಗಿತ್ತು.

"ನಕಲು ಇಲ್ವಾ?"

"ಐತೆ ಮೇಡಂ. ಆದ್ರೆ ಅಜ್ಜನ ಸಹೀನೇ ಸುಳ್ಳು ಅಂತಾನೆ ನಮ್ಮ ದೊಡ್ಡಪ್ಪನ ಮಗ, ಹನೂರಿನ ರುದ್ರಸ್ವಾಮಿ. ಗುರುವಾರ ಅಸಲು ಹಾಳೆ ಕೋರ್ಟಿಗೆ ಕೊಡದಿದ್ರೆ ಅಜ್ಜ ನಮ್ಗೆ ಬರೆದ ಯಳಂದೂರಿನ ಮನೆ ಕೈಬಿಟ್ಟಂಗೇ. ಕದ್ದಿರೋನು ಅವನೇ."

ಎಫ್‌ಐಆರ್ ದಾಖಲಾಯಿತು. ಶಿವಕುಮಾರಸ್ವಾಮಿಯ ಮನೆಯಲ್ಲಿ ಪಂಚನಾಮೆಯೂ ಮುಗಿಯಿತು. ಬೀಗ ಒಡೆದಿರಲಿಲ್ಲ. ಕಡತದ ದಾರ ಬಿಚ್ಚಿ, ಒಂದೇ ಹಾಳೆ ತೆಗೆದು, ಮತ್ತೆ ನೀಟಾಗಿ ಗಂಟು ಹಾಕಿದ್ದರು. ಇಂಥ ಮರ್ಯಾದಸ್ಥ ಕಳ್ಳರನ್ನು ಆಶಾರಾಣಿ ಕಂಡಿರಲಿಲ್ಲ.

ಮಧ್ಯಾಹ್ನ ಹನೂರಿನಲ್ಲಿ ರುದ್ರಸ್ವಾಮಿ ಉರಿದುಬಿದ್ದ. "ಅಸಲು ತರ್ಸಿ ಅಂತ ಅರ್ಜಿ ಆಕಿರೋನೇ ನಾನು. ಅದು ಬಂದ್ರೆ ತಾನೆ ಸಹಿ ಸುಳ್ಳು ಅಂತ ತೋರ್ಸಾದು? ನಾನ್ಯಾಕ್ ಕದೀಲಿ?"

ಮಾತಿನಲ್ಲಿ ನ್ಯಾಯವಿತ್ತು. ಆಶಾರಾಣಿ ಜೀಪಿನಿಂದಲೇ ದೂರುದಾರನಿಗೆ ಫೋನ್ ಮಾಡಿದಳು. "ಆ ಕಡತ ಹಿಡ್ಕೊಂಡು ಎಲ್ಲೆಲ್ಲಿ ಹೋಗಿದ್ರಿ?"

ಅವನು ನಾಚಿಕೊಂಡ. ಕೇಸಿಗೆಂದು ಕೋರ್ಟಿನ ಹಳೇ ಕಡತ, ಮನೆತನದ ಉಯಿಲುಗಳನ್ನು ಹುಡುಕುತ್ತಾ ಹೋದವನಿಗೆ, ಕಾಣದ ಅಜ್ಜನ ಮೇಲೆ ಪ್ರೀತಿ ಹುಟ್ಟಿಬಿಟ್ಟಿತ್ತಂತೆ. ಅಜ್ಜನ ಕಡೆಗಾಲದಲ್ಲಿ ಗಂಜಿ ಕುಡಿಸಿದ ಆಳು ಪುಟ್ಟಬಸಮ್ಮ. ಉಯಿಲಿಗೆ ಸಾಕ್ಷಿಯೂ ಅವಳೇ. ಅವಳ ಮಗಳು ದೊಡ್ಡಬಸಮ್ಮ ಕಾಮಗೆರೆಯಲ್ಲಿದ್ದಾಳೆಂದು ತಿಳಿದು, ಅಜ್ಜನ ವಿಷಯ ಕೇಳಲು ಹೋಗಿದ್ದ.

"ಕಡತ ಅವರ ಹತ್ರ ಬಿಟ್ಟಿದ್ರಾ?"

"ಊಟ ಮಾಡಿ ಕೈ ತೊಳೆಯೋಕೆ ಹಿತ್ಲಿಗೆ ಹೋಗಿದ್ದೆ. ಅವರಿಗೆ ಓದೋಕೇ ಬರಲ್ಲ ಮೇಡಂ!"

ಮೂರೂವರೆಗೆ ಕಾಮಗೆರೆ. ಅರವತ್ತು ದಾಟಿದ ದೊಡ್ಡಬಸಮ್ಮ ಏನನ್ನೂ ಬಚ್ಚಿಡಲಿಲ್ಲ. ಕೇಳಿದ್ದೇ ತಡ, ದೇವರ ಗೂಡಿನಿಂದ ಹಾಳೆ ತಂದಳು. ಪುಟ್ಟಮಲ್ಲಪ್ಪನ ಸಹಿ ಹಾಗೇ ಇತ್ತು. ಕೆಳಗಿನ ಹೆಬ್ಬೆಟ್ಟಿನ ಗುರುತಿನ ಮೇಲ್ಗಡೆ ವಿಭೂತಿಯ ಗೆರೆ ಎಳೆದಿತ್ತು.

"ಪಕ್ಷದಲ್ಲಿ ಹಿರೀಕರ ಫೋಟೋ ಮಡಗಿ ಎಡೆ ಇಡ್ತೀವಲ್ಲವ್ವ, ಅಪ್ಪಂದು ಫೋಟೋ ಅದೆ. ನಮ್ಮವ್ವಂದು ಏನೂ ಇಲ್ಲ. ನಾ ಕೂಸಾಗಿದ್ದಾಗ್ಲೇ ಓಗ್ಬುಟ್ಲು, ಮೊಕಾನೇ ಗ್ಯಾಪ್ಕ ಇಲ್ಲ. ಬರೀ ಗ್ವಾಡೆಗೆ ಎಡೆ ಇಡ್ತಿದ್ದೆ. ಇದು ನಿಮ್ಮವ್ವನ ಹೆಬ್ಬೆಟ್ಟು ಅಂದ ಆ ಉಡುಗ."

"ಕೇಳಿದ್ರೆ ಫೋಟೋ ತೆಗೆದು ಕೊಡ್ತಿದ್ರಲ್ಲಮ್ಮ?"

"ಅದನ್ನ ನಮ್ಮವ್ವ ಮುಟ್ಟಿರಾಕಿಲ್ವಲ್ಲ."

ಕಾನ್‌ಸ್ಟೆಬಲ್ ಶಿವರಾಜು ಮಹಜರು ಬರೆಯುವುದನ್ನು ನಿಲ್ಲಿಸಿ ಹೊರಗೆ ನೋಡಿದ. ಬರೆದು ಮುಗಿಸುವಂತೆ ಆಶಾರಾಣಿ ಸನ್ನೆ ಮಾಡಿದಳು. ಹಾಳೆ ಜಪ್ತಿಯಾಗಲೇಬೇಕಿತ್ತು, ಬಂಧನವೂ ದಾಖಲಾಗಲೇಬೇಕಿತ್ತು. ಫೋನಿನಲ್ಲಿ ಸುದ್ದಿ ಕೇಳಿದ ಶಿವಕುಮಾರಸ್ವಾಮಿ, ಜಾಮೀನಿಗೆ ತಾನೇ ನಿಲ್ಲುತ್ತೇನೆ ಅಂದ.

ಮುದುಕಿ ಸೆರಗು ಹೊದ್ದು ಜೀಪು ಹತ್ತಿದಳು. ಹಾಳೆಯಿದ್ದ ಲಕೋಟೆಯನ್ನೇ ನೋಡುತ್ತಾ ಕೇಳಿದಳು. "ಬಾನ್ವಾರ ಪಕ್ಷದ ಅಮಾಸೆ. ಅಷ್ಟೊತ್ಗೆ ತಿರ್ಗ ಕೊಡ್ತೀರಾ ಅವ್ವ?"

ಕೋರ್ಟು ಸೇರಿದ ಹಾಳೆ ಈ ಮುದುಕಿಯ ಜೀವಮಾನದಲ್ಲಿ ಹಿಂದಿರುಗುವುದಿಲ್ಲವೆಂದು ಆಶಾರಾಣಿಗೆ ಗೊತ್ತಿತ್ತು.

"ಇಲ್ಲಮ್ಮ" ಅಂದಳು.