ಬುಡ ಕೊಯ್ದ ಕೆಂಪಣಬೆ

ಹಿಮಗಿರಿಯ ತಪ್ಪಲಿನಲ್ಲಿ, ದೇವದಾರು ವನಗಳ ನಡುವೆ ಮೆರೆಯುತ್ತಿದ್ದ ಸುರಗಿರಿ ಪಟ್ಟಣದಲ್ಲಿ ಅಂದು ಯುವರಾಜ ಕೀರ್ತಿದೇವನ ಪಟ್ಟಾಭಿಷೇಕ. ಬೀದಿಬೀದಿಗೆ ತೋರಣ, ಕೋಟೆಯ ಮೇಲೆ ಕಹಳೆ, ಅರಮನೆಯ ಪಾಕಶಾಲೆಯಲ್ಲಿ ನೂರು ಒಲೆಗಳ ಹೊಗೆ. ಅಲ್ಲಿಗೆ ಬರುವ ಪ್ರತಿಯೊಂದು ಪದಾರ್ಥವನ್ನೂ ಪರೀಕ್ಷಿಸುವ ಅಧಿಕಾರ ವೃದ್ಧ ಬೊಪ್ಪಣಯ್ಯನದು.

ದೇವದಾರುವಿನ ನೆರಳಲ್ಲಿ ಎರಡು ಬಗೆಯ ಕೆಂಪಣಬೆಗಳು ಏಳುತ್ತವೆ. ಒಂದು ರಾಜಭೋಜನಕ್ಕೆ ಯೋಗ್ಯ. ಇನ್ನೊಂದು ತಿಂದವನ ಮತಿಯನ್ನೇ ಕೆಡಿಸುತ್ತದೆ. ಕೆಟ್ಟದ್ದಕ್ಕೆ ಕೊಡೆಯ ಮೇಲೆ ಬಿಳಿ ಚುಕ್ಕೆ, ಕಾಂಡಕ್ಕೊಂದು ಬಳೆ, ಬುಡದಲ್ಲಿ ಗಡ್ಡೆ. ಆದುದರಿಂದಲೇ ಅಣಬೆಯನ್ನು ಮಣ್ಣುಸಹಿತ ತರಬೇಕೆಂಬುದು ಬೊಪ್ಪಣಯ್ಯನ ಕಟ್ಟಳೆ.

ಅಂದು ಯುವರಾಜನ ಚಿಕ್ಕಪ್ಪ, ದಂಡನಾಯಕ ರೇಚರಸನ ಮನೆಯಿಂದ ಕಾಣಿಕೆಯಾಗಿ ಬಂದ ಬುಟ್ಟಿಯಲ್ಲಾದರೋ ಅಣಬೆಗಳು ತೊಳೆದು, ಬುಡ ಕೊಯ್ದು ಸಿದ್ಧವಾಗಿದ್ದವು. ಮುದುಕನು ಒಂದರ ಕಾಂಡವನ್ನು ಮುರಿದನು. ಒಳ್ಳೆಯದಾಗಿದ್ದರೆ ಎಳೆ ಮೂಲಂಗಿಯಂತೆ ಪಟ್ಟನೆ ಮುರಿಯಬೇಕಿತ್ತು. ಇದು ನಾರುನಾರಾಗಿ ಸುಲಿಯಿತು. ಮತಿಗೆಟ್ಟವನಿಗೆ ಸಿಂಹಾಸನವಿಲ್ಲವೆಂಬುದು ಆ ರಾಜ್ಯದ ಧರ್ಮ. ಸಂಚು ತಿಳಿಯಿತು. ಆದರೆ ಬಳೆಯ ಗುರುತೂ ಉಳಿಯದಂತೆ ಕಾಂಡವನ್ನು ಹೆರೆದ ಆ ನಾಜೂಕು? ಅದನ್ನು ಅವನು ಕಲಿಸಿದ್ದು ಒಬ್ಬಳಿಗೇ. ಅವಳು ಬೊಪ್ಪಣಯ್ಯನ ವಿಧವೆ ಮಗಳು ಮಾಚಲೆ, ತನ್ನ ಕೂಸಿನೊಡನೆ ರೇಚರಸನ ಮನೆಯಲ್ಲಿದ್ದು ಅಡುಗೆಮನೆ ನೋಡಿಕೊಳ್ಳುತ್ತಿದ್ದವಳು.

ಪಾಪ, ಮುದುಕನ ನಾಲಗೆಗೆ ಸುಳ್ಳು ಗೊತ್ತಿರಲಿಲ್ಲ. ಅವನು ನೇರವಾಗಿ ಸಭೆಗೆ ಹೋಗಿ ಯುವರಾಜನ ಮುಂದೆ ನಿಂತನು.

"ಮಹಾಪ್ರಭು, ಇದು ವಿಷ. ಕೊಯ್ದ ಕೈ ನನ್ನ ಮಗಳದು."

"ಹಾವಿಗೆ ಹಾಲೆರೆದೆನಲ್ಲಾ!" ಎಂದು ಅಲ್ಲಿಯೇ ಇದ್ದ ರೇಚರಸನು ಎದೆ ಬಡಿದುಕೊಂಡನು.

ಭಟರು ಎಳೆತಂದ ಮಾಚಲೆಯು ರೇಚರಸನತ್ತ ಒಮ್ಮೆ ನೋಡಿ ತಲೆ ತಗ್ಗಿಸಿದಳು. ಯುವರಾಜನು ಮತ್ತೆ ಮತ್ತೆ ಕೇಳಿದನು. ಕಡೆಗೆ ತಂದೆಗೆ ಮಾತ್ರ, "ಅಪ್ಪಯ್ಯಾ, ಬುಟ್ಟಿಯನ್ನು ಪೂರ್ತಿ ನೋಡಿದಿರಾ?" ಎಂದಳು.

"ನೋಡಬೇಕಾದುದನ್ನು ನೋಡಿದೆ, ದ್ರೋಹಿ!" ಎಂದು ಅವನು ಮುಖ ತಿರುಗಿಸಿದನು.

ಅರಸನ ಅನ್ನಕ್ಕೆ ವಿಷವಿಕ್ಕಿದವರನ್ನು ಸೂರ್ಯ ಮುಳುಗುವ ಮುನ್ನ ಕಮರಿಗೆ ನೂಕುವುದು ಅಲ್ಲಿಯ ಶಾಸನ. ಅದು ನಡೆದುಹೋಯಿತು.

ಆಮೇಲೆ ಬೊಪ್ಪಣಯ್ಯನು ಬುಟ್ಟಿಯನ್ನು ಒಲೆಗೆ ಸುರಿಯಹೋದನು. ತಳದಿಂದ ಒಂದು ಅಣಬೆ ಉರುಳಿತು. ಬಿಳಿ ಚುಕ್ಕೆ, ಬಳೆ, ಗಡ್ಡೆ, ಒದ್ದೆ ಮಣ್ಣು, ಎಲ್ಲವೂ ಇದ್ದವು. ಕಾಂಡಕ್ಕೆ ಒಂದು ಉಡಿದಾರ ಸುತ್ತಿತ್ತು. ಮಾಚಲೆಯ ಕೂಸಿಗೆ ನಾಮಕರಣದ ದಿನ ಅವನೇ ಕಟ್ಟಿದ ಕರಿಯ ದಾರ.

ಕೂಸನ್ನು ಒತ್ತೆಯಿಟ್ಟು ಅವಳಿಂದ ಕೊಯ್ಯಿಸಿದ್ದರೆಂಬುದು ಅವನಿಗೆ ಹೊಳೆಯಿತು. ಅವನು ಆಗಲೇ ಪಟ್ಟವೇರಿದ್ದ ಕೀರ್ತಿದೇವನ ಬಳಿಗೆ ಓಡಿದನು. ಭಟರು ರೇಚರಸನ ಆಯುಧಶಾಲೆಯಲ್ಲಿ ಬಂಧಿತವಾಗಿದ್ದ ಕೂಸನ್ನು ಜೀವಸಹಿತ ತಂದರು. ರೇಚರಸನಿಗೆ ಸಂಕೋಲೆ ಬಿತ್ತು.

"ಅಯ್ಯಾ, ನಿಮ್ಮ ಮಗಳು ನನ್ನ ಸಿಂಹಾಸನವನ್ನು ಉಳಿಸಿದಳು. ನಾನು ಅವಳನ್ನು ಉಳಿಸಲಿಲ್ಲ" ಎಂದು ಕೀರ್ತಿದೇವನು ಕಿರೀಟ ತೆಗೆದಿಟ್ಟು ಅವನ ಪಾದ ಮುಟ್ಟಿದನು.

ಬೊಪ್ಪಣಯ್ಯನಿಗೆ ಅದು ಕೇಳಿಸಲಿಲ್ಲ. ಅವನು ಕೂಸಿನ ಸೊಂಟಕ್ಕೆ ಮತ್ತೆ ಆ ದಾರವನ್ನು ಕಟ್ಟುತ್ತಿದ್ದನು. ಕಟ್ಟಿದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದನು.

"ಪೂರ್ತಿ ನೋಡಲಿಲ್ಲ, ಮಗಳೇ" ಎಂದನು. "ನಾನು ಪೂರ್ತಿ ನೋಡಲಿಲ್ಲ."