ಕಾಂತಾ ಒಪ್ಪದ ಹೊಸ್ತಿಲು

"ಕಣ್ಣು ಎಲ್ಲಿಟ್ಟಿದ್ರಿ? ನೆತ್ತಿ ಮ್ಯಾಲೆ?"

ಕಾಂತಾಳ ಕೂಗಿಗೆ ಖಾನಾಪುರದ ಆ ಓಣಿಯ ಬಾಗಿಲುಗಳೆಲ್ಲ ತೆರೆದವು. ಉಳವಪ್ಪ ತನ್ನ ಹೆಗಲಿಂದ ಜಾರಿದ ತೊಲೆಯನ್ನೂ, ಅದರಡಿ ಎರಡು ಹೋಳಾದ ಕಲ್ಲಿನ ಹೊಸ್ತಿಲನ್ನೂ ನೋಡುತ್ತ ನಿಂತಿದ್ದ. ಬೆಳಗಾವಿಯ ಶಿವಬಸವ ನಗರದ ಕಟ್ಟಿಗೆ ವ್ಯಾಪಾರಿ. ಕಾಂತಾಳ ಹಳೆಯ ಮನೆಯ ಅಟ್ಟದ ರಿಪೇರಿಗೆಂದು ಲೋಂಡಾದಿಂದ ತಾನೇ ಲಾರಿಯಲ್ಲಿ ತೊಲೆ ತಂದಿದ್ದ.

"ತಪ್ಪಾತ್ರಿ. ಹೊಸಾ ಕಲ್ಲು ನಾನ ಕೂಡಸ್ತೀನಿ."

"ನಮ್ಮ ಮುತ್ತಜ್ಜ ಕೂಡಿಸಿದ ಕಲ್ಲದು. ಅಂಗಡ್ಯಾಗ ಸಿಗತೈತೇನು ಅಂಥಾದ್ದು?"

ಅವನು ತಲೆ ತಗ್ಗಿಸಿದ. ಎದುರುತ್ತರ ಕೊಟ್ಟಿದ್ದರೆ ಇನ್ನೆರಡು ಬೈದು ಹಗುರಾಗಬಹುದಿತ್ತು. ಅದೂ ಇಲ್ಲ... ಅವಳ ಸಿಟ್ಟು ಇನ್ನಷ್ಟು ಏರಿತು.

ತಾಯಿ ಗೌರವ್ವನ ಚಿಂತೆ ಬೇರೆ. ದಿನಾ ವಿಭೂತಿ, ಕುಂಕುಮ ಹಚ್ಚುವ ಹೊಸ್ತಿಲು ಒಡೆದ ಮೇಲೆ ಮನೆಯಲ್ಲಿ ಶುಭಕಾರ್ಯದ ಮಾತೆತ್ತುವುದು ಹೇಗೆ? ಕಾಂತಾಳನ್ನು ನೋಡಲು ಬರಬೇಕಿದ್ದ ಧಾರವಾಡದವರಿಗೆ, "ಹೊಸ್ತಿಲು ಕೂಡಿಸಿದ ಮ್ಯಾಲೆ ಬರ್ರಿ" ಎಂದು ಹೇಳಿ ಕಳಿಸಿದಳು.

ಮುಂದಿನ ವಾರವೇ ಉಳವಪ್ಪ ಕಲ್ಲು ತಂದ. ಅಳತೆ ಸರಿಯಾಗಿಯೇ ಇತ್ತು. ಕಾಂತಾ ಮಾತ್ರ, "ಬಣ್ಣ ಹೊಂದೂದಿಲ್ಲ" ಎಂದಳು. ಇನ್ನೊಂದು ತಂದ. "ಮುಖಾ ಸೊಟ್ಟ ಐತಿ." ಬಂದಾಗಲೆಲ್ಲ ಅವನು ಕಟ್ಟೆಯ ಮೇಲೆ ಕುಳಿತು ಬೈಸಿಕೊಳ್ಳುತ್ತಿದ್ದ. ಚಹಾ ಮಾತ್ರ ಅವಳೇ ಮಾಡಿಕೊಡುತ್ತಿದ್ದಳು, ಸಕ್ಕರೆ ತುಸು ಹೆಚ್ಚೇ ಹಾಕಿ. ಸಿಟ್ಟು ಸಿಟ್ಟೇ, ಚಹಾ ಚಹಾನೇ ಅಲ್ಲವೇ?

ಲಾರಿಯ ಸದ್ದಿಗೆ ಎದೆ ಹೊಡೆದುಕೊಳ್ಳುವುದೂ ಸಿಟ್ಟಿಗೇ ಎಂದು ಅವಳು ನಂಬಿದ್ದಳು.

ಒಂದು ದಿನ ಸಂತೆಯಿಂದ ಬಂದು ನೋಡಿದರೆ, ಬಾಗಿಲಲ್ಲಿ ಹೊಸ ಹೊಸ್ತಿಲು ಕೂತೇಬಿಟ್ಟಿದೆ! ಉಳವಪ್ಪ ಅಂಗಳದಲ್ಲಿ ಕೈ ತೊಳೆಯುತ್ತಿದ್ದ.

"ಯಾರನ್ನ ಕೇಳಿ ಕೂಡಿಸಿದ್ರಿ?"

"ಅವ್ವಾರು ಹೂಂ ಅಂದ್ರು. ಸೋಮವಾರ ಧಾರವಾಡದವರು ಬರ್ತಾರಂತ. ನನ್ನಿಂದ ನಿಮ್ಮ ಲಗ್ನ ನಿಂತೈತಿ ಅಂತ ಜೀವಕ್ಕ ಸಮಾಧಾನ ಇರಲಿಲ್ರಿ. ನೀವು ಸಿಟ್ಟಾಗೂದೂ ಬರೋಬರಿ ಐತಿ."

ಇಷ್ಟು ದಿನ ಇವನು ಹೀಗೇ ತಿಳಿದುಕೊಂಡಿದ್ದನೇ? ಅವಳಿಗೆ ಉರಿದುಹೋಯಿತು.

"ಲಗ್ನ ನಿಂತದ್ದಕ್ಕ ಸಿಟ್ಟು ಅಂತ ಯಾರು ಹೇಳಿದ್ರು ನಿಮಗ?" ಅವಳು ಸಂತೆಯ ಚೀಲವನ್ನು ಕಟ್ಟೆಯ ಮೇಲೆ ಕುಕ್ಕಿದಳು. "ಕಲ್ಲು ಕೂತರ ನೀವು ಬರೂದು ನಿಲ್ಲತೈತಿ. ಅದಕ್ಕ ಒಲ್ಲೆ ಒಲ್ಲೆ ಅಂದೆ. ಅಷ್ಟೂ ತಿಳೀಲಿಲ್ಲೇನು?"

ಉಳವಪ್ಪ ಗೋಡೆಗೆ ಒರಗಿಸಿದ್ದ ಹಾರೆ ಎತ್ತಿಕೊಂಡ.

"ಏನ ಮಾಡ್ತೀರಿ?"

"ಕಿತ್ತ ಹಾಕ್ತೀನಿ. ಗಾರಿ ಇನ್ನೂ ಹಸಿ ಐತಿ."

"ಹುಚ್ಚರಾದ್ರೇನು?" ಅವಳು ಹಾರೆ ಹಿಡಿದಳು. ಕಣ್ಣಲ್ಲಿ ನೀರು, ದನಿಯಲ್ಲಿ ಇನ್ನೂ ಸಿಟ್ಟು. "ಇಡ್ರಿ ಕೆಳಗ. ಧಾರವಾಡದವರು ಬರೂದಕ್ಕಿಂತ ಮದಲ ನಿಮ್ಮ ಅವ್ವನ್ನ ಕರಕೊಂಡ ಬಂದು ಕೇಳ್ರಿ. ಈ ಹೊಸ್ತಿಲಾ ಮದಲ ಅವರ ದಾಟಲಿ."

ಅವನ ಕೈ ಸಡಿಲಾಯಿತು. "ಇವತ್ತ ಸಂಜಿಗೇ ಬಂದ್ರ ನಡೀತೈತೇನ್ರಿ?"

"ಹೊತ್ತ ಮುಳುಗೂದರಾಗ ಬರ್ರಿ," ಎಂದಳು ಕಾಂತಾ ಕಣ್ಣೊರೆಸಿಕೊಳ್ಳುತ್ತ. "ತಡಾ ಆದ್ರ ಮತ್ತ ಬೈತೀನಿ."